ಧಾನ್ಯದಿಂದ ಎಥನಾಲ್: ಶಕ್ತಿಯ ಆದಾಯ ಮತ್ತು ವೆಚ್ಚ



ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಬಿದ್ದ ರಾಶಿಯೆಲ್ಲವೂ ರೈತನ ಗಳಿಕೆಯಲ್ಲ. ಮುಂದಿನ ಬಿತ್ತನೆಗೆ ತೆಗೆದಿಡಬೇಕಾದ ಬೀಜ, ಆಳುಗಳ ಕೂಲಿ, ಗೊಬ್ಬರದ ಬಾಕಿ, ಸಾಲದ ಬಡ್ಡಿ ಇವೆಲ್ಲ ಕಳೆದ ಮೇಲೆ ಕಣಜಕ್ಕೆ ಬಂದು ಬೀಳುವುದೇ ಅವನ ನಿಜವಾದ ಆದಾಯ. ರಾಶಿ ದೊಡ್ಡದಾಗಿದ್ದೂ ಕಣಜ ಬರಿದಾಗಿರುವುದುಂಟು. ರಾಶಿ ಚಿಕ್ಕದಾಗಿದ್ದೂ ಮನೆ ತುಂಬುವುದುಂಟು. ಇಂಧನ ತಯಾರಿಸುವ ಉದ್ಯಮಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಒಂದು ಕಾರ್ಖಾನೆ ವರ್ಷಕ್ಕೆ ಎಷ್ಟು ಲೀಟರ್ ಇಂಧನ ಉತ್ಪಾದಿಸಿತು ಎಂಬುದು ರಾಶಿಯ ಲೆಕ್ಕ. ಆ ಇಂಧನ ಪಡೆಯಲು ಎಷ್ಟು ಶಕ್ತಿ ವ್ಯಯವಾಯಿತು, ಕೊನೆಗೆ ದೇಶಕ್ಕೆ ಎಷ್ಟು ಉಳಿಯಿತು ಎಂಬುದು ಕಣಜದ ಲೆಕ್ಕ. ಮೆಕ್ಕೆಜೋಳ, ಅಕ್ಕಿ ಮೊದಲಾದ ಧಾನ್ಯಗಳಿಂದ ತಯಾರಾಗುವ ಎಥನಾಲ್ ಇಂಧನವನ್ನು ಈ ಎರಡನೆಯ ಲೆಕ್ಕದಿಂದ ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ವಿಷಯದ ಹಿನ್ನೆಲೆ

ಮದ್ಯಸಾರವನ್ನು ಪೆಟ್ರೋಲಿನೊಂದಿಗೆ ಬೆರೆಸುವ ವಿಚಾರ ಭಾರತಕ್ಕೆ ಹೊಸದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, ಅಂದರೆ 1948ರಲ್ಲಿ, ಭಾರತೀಯ ಪವರ್ ಆಲ್ಕೊಹಾಲ್ ಅಧಿನಿಯಮ ಜಾರಿಗೆ ಬಂದಿತು. ಆದರೆ ಅಗ್ಗದ ಕಚ್ಚಾ ತೈಲದ ದಿನಗಳಲ್ಲಿ ಈ ವಿಚಾರ ಹಿಂದೆ ಸರಿಯಿತು. 2003ರ ಜನವರಿಯಲ್ಲಿ 9 ರಾಜ್ಯಗಳು ಹಾಗೂ 4 ಕೇಂದ್ರಾಡಳಿತ ಪ್ರದೇಶಗಳಲ್ಲಿ ಶೇ. 5ರಷ್ಟು ಎಥನಾಲ್ ಬೆರೆಸುವ ಕಾರ್ಯಕ್ರಮ ಆರಂಭವಾಯಿತು. ಹತ್ತು ವರ್ಷ ಕಳೆದರೂ ಪ್ರಗತಿ ಮಂದವಾಗಿಯೇ ಇತ್ತು. 2013-14ರಲ್ಲಿ ಬೆರೆತ ಪ್ರಮಾಣ ಶೇ. 1.53 ಮಾತ್ರ. ಅಲ್ಲಿಯವರೆಗೆ ಎಥನಾಲಿನ ಮೂಲ ಬಹುತೇಕ ಸಕ್ಕರೆ ಕಾರ್ಖಾನೆಗಳ ಕಾಕಂಬಿಯೇ ಆಗಿತ್ತು.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಈ ಚಿತ್ರವನ್ನು ಬದಲಿಸಿತು. ಕಬ್ಬಿನ ರಸ, ಕೆಟ್ಟುಹೋದ ಆಹಾರಧಾನ್ಯ ಮತ್ತು ಹೆಚ್ಚುವರಿ ಧಾನ್ಯಗಳಿಂದಲೂ ಎಥನಾಲ್ ತಯಾರಿಸಲು ಅದು ಅವಕಾಶ ನೀಡಿತು. 2022ರ ಜೂನ್ ವೇಳೆಗೆ ಬೆರಕೆಯ ಪ್ರಮಾಣ ಶೇ. 10 ತಲುಪಿತು. ಶೇ. 20ರ ಗುರಿಯನ್ನು 2030ರಿಂದ 2025-26ಕ್ಕೆ ಹಿಂದಕ್ಕೆ ತರಲಾಯಿತು. 2025ರಲ್ಲಿಯೇ ಆ ಗುರಿಯನ್ನು ಮುಟ್ಟಲಾಯಿತು. ಇದರ ನಡುವೆ ಇನ್ನೊಂದು ಬದಲಾವಣೆ ನಡೆಯಿತು. 2023ರಲ್ಲಿ ಮಳೆ ಕೊರತೆಯಾಗಿ ಕಬ್ಬಿನ ಇಳುವರಿಯ ಬಗ್ಗೆ ಆತಂಕ ಮೂಡಿದಾಗ, ಆ ವರ್ಷದ ಡಿಸೆಂಬರಿನಲ್ಲಿ ಕಬ್ಬಿನ ರಸದ ಬಳಕೆಯ ಮೇಲೆ ನಿರ್ಬಂಧ ಬಂದಿತು. ಆ ಸ್ಥಾನವನ್ನು ಮೆಕ್ಕೆಜೋಳ ತುಂಬಿತು. 2023-24ರ ಪೂರೈಕೆ ವರ್ಷದಲ್ಲಿ ದೇಶದ ಎಥನಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಧಾನ್ಯದಿಂದಲೇ ಬಂದಿತು.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಅಥವಾ ದೆಹಲಿಯ ಪೆಟ್ರೋಲ್ ಬಂಕಿನಲ್ಲಿ ಇಂದು ಸ್ಕೂಟರಿಗೆ ಇಂಧನ ತುಂಬಿಸುವ ಪ್ರತಿಯೊಬ್ಬರೂ ಹೀಗೆ ಹೊಲವೊಂದರ ಫಸಲನ್ನು ಪರೋಕ್ಷವಾಗಿ ಕೊಳ್ಳುತ್ತಿದ್ದಾರೆ. ಆದ್ದರಿಂದ ಈ ವಿಷಯ ತಜ್ಞರಿಗಷ್ಟೇ ಸೇರಿದ್ದಲ್ಲ.

ಶಕ್ತಿ ಸಮತೋಲನವೆಂದರೇನು?

ಒಂದು ಇಂಧನವನ್ನು ಉರಿಸಿದಾಗ ದೊರೆಯುವ ಶಕ್ತಿಯನ್ನು, ಅದನ್ನು ತಯಾರಿಸಲು ವ್ಯಯವಾದ ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲ ಮೊದಲಾದ ಪಳೆಯುಳಿಕೆ ಇಂಧನಗಳ ಶಕ್ತಿಯಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಶಕ್ತಿ ಅನುಪಾತವೆನ್ನುತ್ತಾರೆ. ಅನುಪಾತ ಒಂದು ಆಗಿದ್ದರೆ ಹಾಕಿದ್ದಷ್ಟೇ ಹಿಂದಿರುಗಿತು ಎಂದರ್ಥ. ಒಂದಕ್ಕಿಂತ ಕಡಿಮೆಯಾದರೆ ನಷ್ಟ, ಹೆಚ್ಚಾದರೆ ಲಾಭ. ಎಲೆಗಳು ಹೀರಿಕೊಂಡ ಸೂರ್ಯನ ಶಕ್ತಿಯನ್ನು ಈ ಲೆಕ್ಕದಲ್ಲಿ ವೆಚ್ಚವೆಂದು ಹಿಡಿಯುವುದಿಲ್ಲ. ಅದು ಪ್ರಕೃತಿಯ ಕೊಡುಗೆ. ಆ ಕೊಡುಗೆಯನ್ನು ಪಡೆಯಲು ಮನುಷ್ಯ ತನ್ನ ಕೈಯಿಂದ ಏನನ್ನು ಹಾಕಿದ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಪೆಟ್ರೋಲನ್ನೂ ಇದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ. ಕಚ್ಚಾ ತೈಲವನ್ನು ಭೂಮಿಯಿಂದ ತೆಗೆದು, ಹಡಗಿನಲ್ಲಿ ಸಾಗಿಸಿ, ಶುದ್ಧೀಕರಿಸಿ ಬಂಕಿಗೆ ಮುಟ್ಟಿಸುವಷ್ಟರಲ್ಲಿ ಮೂಲಶಕ್ತಿಯ ಸುಮಾರು ಐದನೇ ಒಂದು ಭಾಗ ಖರ್ಚಾಗಿಬಿಡುತ್ತದೆ. ತೈಲವೇ ಪಳೆಯುಳಿಕೆ ಇಂಧನವಾದ್ದರಿಂದ ಪೆಟ್ರೋಲಿನ ಅನುಪಾತ ಎಂದಿಗೂ ಒಂದನ್ನು ಮುಟ್ಟಲಾರದು. ಎಥನಾಲ್ ಕನಿಷ್ಠಪಕ್ಷ ಒಂದನ್ನು ದಾಟುವ ಸಾಧ್ಯತೆಯುಳ್ಳ ಇಂಧನ. ದಾಟುತ್ತದೆಯೇ, ಎಷ್ಟು ದಾಟುತ್ತದೆ ಎಂಬುದರಲ್ಲಿಯೇ ವಿವಾದವೆಲ್ಲ ಅಡಗಿದೆ.

ಕಾಳಿನಿಂದ ಇಂಧನದವರೆಗೆ

ಮೆಕ್ಕೆಜೋಳದ ಕಾಳಿನಲ್ಲಿ ಮೂರನೇ ಎರಡು ಭಾಗದಷ್ಟು ಪಿಷ್ಟವಿರುತ್ತದೆ. ಕಾಳನ್ನು ಹಿಟ್ಟು ಮಾಡಿ, ನೀರಿನಲ್ಲಿ ಕದಡಿ, ಬಿಸಿ ಮಾಡಿ, ಕಿಣ್ವಗಳ ಸಹಾಯದಿಂದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಾರೆ. ಅಂಬಲಿಯಂತಹ ಈ ದ್ರವಕ್ಕೆ ಯೀಸ್ಟ್ ಸೇರಿಸಿ ಎರಡು ಎರಡೂವರೆ ದಿನ ಹುದುಗಲು ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಎಥನಾಲ್ ಹಾಗೂ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತದೆ.

ಈ ಹಂತದಲ್ಲಿ ಪ್ರಕೃತಿಯ ಮಿತವ್ಯಯ ಗಮನಾರ್ಹವಾದುದು. 180 ಗ್ರಾಂ ಗ್ಲೂಕೋಸಿನಿಂದ ಸೈದ್ಧಾಂತಿಕವಾಗಿ 92 ಗ್ರಾಂ ಎಥನಾಲ್ ಮತ್ತು 88 ಗ್ರಾಂ ಇಂಗಾಲದ ಡೈ ಆಕ್ಸೈಡ್ ದೊರೆಯುತ್ತವೆ. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಗಾಳಿಗೆ ಹೋದರೂ, ಸಕ್ಕರೆಯಲ್ಲಿದ್ದ ಶಕ್ತಿಯ ಶೇ. 97ರಷ್ಟು ಎಥನಾಲಿನಲ್ಲೇ ಉಳಿದಿರುತ್ತದೆ. ಅಂದರೆ ಯೀಸ್ಟ್ ತನ್ನ ಕೆಲಸಕ್ಕೆ ತೆಗೆದುಕೊಳ್ಳುವ ಕೂಲಿ ಅತ್ಯಲ್ಪ. ಶಕ್ತಿಯ ನಷ್ಟ ಹುದುಗುವ ತೊಟ್ಟಿಯಲ್ಲಿ ಆಗುವುದಿಲ್ಲ. ಅದರ ಹಿಂದೆ ಹೊಲದಲ್ಲಿ ಮತ್ತು ಅದರ ಮುಂದೆ ಬಟ್ಟಿಯಲ್ಲಿ ಆಗುತ್ತದೆ.

ಹುದುಗಿದ ದ್ರವದಲ್ಲಿ ಎಥನಾಲಿನ ಪ್ರಮಾಣ ಶೇ. 12ರಿಂದ 15ರಷ್ಟು ಮಾತ್ರ; ಉಳಿದದ್ದು ನೀರು ಹಾಗೂ ಧಾನ್ಯದ ಶೇಷ. ಈ ನೀರಿನಿಂದ ಎಥನಾಲನ್ನು ಬೇರ್ಪಡಿಸಲು ದ್ರವವನ್ನು ಕುದಿಸಿ ಬಟ್ಟಿ ಇಳಿಸಬೇಕು. ಶುದ್ಧತೆ ಶೇ. 95ರ ಆಸುಪಾಸಿಗೆ ಬಂದ ಮೇಲೆ ಎಷ್ಟು ಕುದಿಸಿದರೂ ಉಳಿದ ನೀರು ಬೇರೆಯಾಗುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸುವ ಎಥನಾಲಿನಲ್ಲಿ ನೀರಿನ ಅಂಶ ಇರಬಾರದು. ಆದ್ದರಿಂದ ಅತಿಸೂಕ್ಷ್ಮ ರಂಧ್ರಗಳುಳ್ಳ ಆಣ್ವಿಕ ಜರಡಿಯ ಮೂಲಕ ಹಾಯಿಸಿ ಆ ನೀರನ್ನು ತೆಗೆಯುತ್ತಾರೆ. ತಳದಲ್ಲಿ ಉಳಿಯುವ ಶೇಷವನ್ನು ಹಿಂಡಿ, ಒಣಗಿಸಿ ದನ ಮತ್ತು ಕೋಳಿಗಳ ಆಹಾರವಾಗಿ ಮಾರುತ್ತಾರೆ. ವ್ಯಾಪಾರದಲ್ಲಿ ಇದಕ್ಕೆ ಡಿಡಿಜಿಎಸ್ ಎಂಬ ಹೆಸರಿದೆ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಮತ್ತು 300 ಕಿಲೋಗ್ರಾಂ ಆಸುಪಾಸು ಈ ಹಿಂಡಿ ದೊರೆಯುತ್ತವೆ. ಅಕ್ಕಿಯಲ್ಲಿ ಪಿಷ್ಟ ಹೆಚ್ಚಾದ್ದರಿಂದ ಟನ್ನಿಗೆ ಸುಮಾರು 450 ಲೀಟರ್ ಎಥನಾಲ್ ಬರುತ್ತದೆ.

ಶಕ್ತಿ ಎಲ್ಲಿ ವ್ಯಯವಾಗುತ್ತದೆ?

ಹೊಲದಲ್ಲಿ ಉಳುಮೆ, ಬಿತ್ತನೆ, ಕೊಯ್ಲು ಮತ್ತು ಸಾಗಣೆಗೆ ಡೀಸೆಲ್ ಬೇಕು. ನೀರೆತ್ತಲು ವಿದ್ಯುತ್ ಬೇಕು. ಆದರೆ ಇವುಗಳಿಗಿಂತ ಕಣ್ಣಿಗೆ ಕಾಣದ ಒಂದು ದೊಡ್ಡ ವೆಚ್ಚವಿದೆ, ಅದು ಯೂರಿಯಾ. ಗಾಳಿಯಲ್ಲಿರುವ ಸಾರಜನಕವನ್ನು ನೈಸರ್ಗಿಕ ಅನಿಲದಿಂದ ಪಡೆದ ಜಲಜನಕದೊಂದಿಗೆ ಅತಿ ಹೆಚ್ಚಿನ ಒತ್ತಡ ಮತ್ತು ಉಷ್ಣತೆಯಲ್ಲಿ ಸಂಯೋಗಗೊಳಿಸಿ ಅಮೋನಿಯಾ ತಯಾರಿಸುತ್ತಾರೆ, ಅಮೋನಿಯಾದಿಂದ ಯೂರಿಯಾ. ಮೆಕ್ಕೆಜೋಳ ಸಾರಜನಕವನ್ನು ಹೆಚ್ಚಾಗಿ ಬೇಡುವ ಬೆಳೆ. ಹೀಗಾಗಿ ಒಂದು ಚೀಲ ಯೂರಿಯಾ ಚೆಲ್ಲಿದಾಗ ರೈತ ತನಗರಿವಿಲ್ಲದೆಯೇ ಹೊಲಕ್ಕೆ ನೈಸರ್ಗಿಕ ಅನಿಲವನ್ನು ಹಾಕಿದಂತಾಗುತ್ತದೆ. ಆ ಅನಿಲದ ಗಣನೀಯ ಭಾಗವನ್ನು ಭಾರತ ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ತೈಲದ ಆಮದನ್ನು ತಗ್ಗಿಸುವ ಇಂಧನ ಅನಿಲದ ಆಮದನ್ನು ಅವಲಂಬಿಸಿರುವ ಈ ಸಂಗತಿ ಲೆಕ್ಕದಿಂದ ಬಿಟ್ಟುಹೋಗಬಾರದು.

ಇದಕ್ಕಿಂತಲೂ ದೊಡ್ಡ ವೆಚ್ಚ ಕಾರ್ಖಾನೆಯದು. ಅಮೆರಿಕದ ಕೃಷಿ ಇಲಾಖೆ 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೆಕ್ಕೆಜೋಳದ ಎಥನಾಲಿಗೆ ತಗಲುವ ಒಟ್ಟು ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಭಾಗ ಕಾರ್ಖಾನೆಯಲ್ಲಿ ವ್ಯಯವಾಗುತ್ತದೆ. ಹೊಲದ ಪಾಲು ಶೇ. 28ರಷ್ಟು, ಉಳಿದದ್ದು ಸಾಗಣೆಯದು. ಕಾರ್ಖಾನೆಯೊಳಗೆ ದ್ರವವನ್ನು ಬೇಯಿಸಲು, ಬಟ್ಟಿ ಇಳಿಸಲು ಮತ್ತು ಹಿಂಡಿಯನ್ನು ಒಣಗಿಸಲು ಹಬೆ ಬೇಕು. ನೀರನ್ನು ಆವಿ ಮಾಡುವುದೇ ಈ ಕಾರ್ಯಗಳೆಲ್ಲದರ ಸಾರ, ಮತ್ತು ನೀರನ್ನು ಆವಿ ಮಾಡುವುದು ದುಬಾರಿಯಾದ ಕೆಲಸ. ಆ ಹಬೆ ಕಲ್ಲಿದ್ದಲಿನಿಂದ ಬರುತ್ತದೆಯೋ, ಭತ್ತದ ಹೊಟ್ಟಿನಿಂದ ಬರುತ್ತದೆಯೋ ಎಂಬುದರ ಮೇಲೆ ಇಡೀ ಉದ್ಯಮದ ಲಾಭನಷ್ಟ ನಿಂತಿದೆ.

ಅಮೆರಿಕದಲ್ಲಿ ನಡೆದ ಚರ್ಚೆ

ಧಾನ್ಯದ ಎಥನಾಲನ್ನು ಅತಿ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ದೇಶ ಅಮೆರಿಕ. ಅಲ್ಲಿ ವರ್ಷಕ್ಕೆ ಸುಮಾರು 6,000 ಕೋಟಿ ಲೀಟರ್ ಎಥನಾಲ್ ಉತ್ಪಾದನೆಯಾಗುತ್ತದೆ. ಮೆಕ್ಕೆಜೋಳದ ಬೆಳೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಇದಕ್ಕೆ ಹೋಗುತ್ತದೆ. ಸಹಜವಾಗಿಯೇ ಶಕ್ತಿ ಸಮತೋಲನದ ಚರ್ಚೆ ಅಲ್ಲಿ ದಶಕಗಳ ಕಾಲ ನಡೆಯಿತು.

ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಪಿಮೆಂಟೆಲ್ ಈ ಉದ್ಯಮದ ಪ್ರಮುಖ ಟೀಕಾಕಾರರಾಗಿದ್ದರು. ಅವರು ಹಾಗೂ ಬರ್ಕ್ಲಿಯ ಟಾಡ್ ಪಾಟ್ಜೆಕ್ 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮೆಕ್ಕೆಜೋಳದ ಎಥನಾಲ್ ತಾನು ಕೊಡುವ ಶಕ್ತಿಗಿಂತ ಶೇ. 29ರಷ್ಟು ಹೆಚ್ಚು ಪಳೆಯುಳಿಕೆ ಶಕ್ತಿಯನ್ನು ನುಂಗುತ್ತದೆ ಎಂದು ವಾದಿಸಿದರು. ಇದಕ್ಕೆ ಪ್ರತಿಯಾಗಿ ಅಮೆರಿಕದ ಕೃಷಿ ಇಲಾಖೆಯ ಹೊಸೈನ್ ಶಪೌರಿ ಮತ್ತು ಸಂಗಡಿಗರು 1995ರಲ್ಲಿ ಅನುಪಾತ 1.24 ಎಂದೂ, 2002ರಲ್ಲಿ 1.34 ಎಂದೂ, 2004ರಲ್ಲಿ 1.67 ಎಂದೂ ಲೆಕ್ಕ ಹಾಕಿದ್ದರು. ಅದೇ ಇಲಾಖೆ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದು ಎರಡನ್ನು ದಾಟಿತ್ತು.

ಒಂದೇ ವಸ್ತುವನ್ನು ಅಳೆದ ವಿದ್ವಾಂಸರು ಇಷ್ಟು ಭಿನ್ನ ತೀರ್ಮಾನಕ್ಕೆ ಬಂದದ್ದೇಕೆ? ಭೇದವಿದ್ದದ್ದು ಮುಖ್ಯವಾಗಿ ಲೆಕ್ಕದ ಎಲ್ಲೆಯಲ್ಲಿ. ಟ್ರಾಕ್ಟರು, ಯಂತ್ರ ಮತ್ತು ಕಾರ್ಖಾನೆಯ ಕಟ್ಟಡಕ್ಕೆ ಬೇಕಾದ ಉಕ್ಕು ಸಿಮೆಂಟುಗಳ ತಯಾರಿಕೆಗೆ ತಗಲಿದ ಶಕ್ತಿಯನ್ನೂ ಪಿಮೆಂಟೆಲ್ ವೆಚ್ಚಕ್ಕೆ ಸೇರಿಸಿದರು. ಹಿಂಡಿಯ ರೂಪದಲ್ಲಿ ದನಗಳಿಗೆ ಹಿಂದಿರುಗುವ ಶಕ್ತಿಯನ್ನು ಜಮೆಗೆ ಹಿಡಿಯಲಿಲ್ಲ. ಕೃಷಿ ಇಲಾಖೆಯ ಲೆಕ್ಕದಲ್ಲಿ ಹಿಂಡಿಗೆ ಸೂಕ್ತ ಜಮೆ ದೊರೆಯಿತು. ಅದರ ಮಹತ್ವ ಎಷ್ಟೆಂದರೆ, 2002ರ ಅಧ್ಯಯನದಲ್ಲಿ ಹಿಂಡಿಯನ್ನು ಕೈಬಿಟ್ಟರೆ ಅನುಪಾತ 1.34ರಿಂದ ಸುಮಾರು 1.09ಕ್ಕೆ ಇಳಿಯುತ್ತದೆ. ಅಂದರೆ ಲಾಭದ ಬಹುಭಾಗ ಇಂಧನದಿಂದಲ್ಲ, ಉಪೋತ್ಪನ್ನದಿಂದ ಬಂದದ್ದು.

2006ರಲ್ಲಿ ಅಲೆಕ್ಸಾಂಡರ್ ಫ್ಯಾರೆಲ್ ಮತ್ತು ಸಹೋದ್ಯೋಗಿಗಳು ಆರು ಅಧ್ಯಯನಗಳನ್ನು ಒಂದೇ ಅಳತೆಗೆ ತಂದು ಹೋಲಿಸಿ, ಅದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಕಂಡ ಸಂಗತಿಗಳು ಎರಡು. ಮೊದಲನೆಯದಾಗಿ, ಉಪೋತ್ಪನ್ನವನ್ನು ಸರಿಯಾಗಿ ಪರಿಗಣಿಸಿದರೆ ಎಥನಾಲಿನಲ್ಲಿ ಶಕ್ತಿಯ ಲಾಭವಿದೆ ಮತ್ತು ಅದರ ತಯಾರಿಕೆಗೆ ಕಚ್ಚಾ ತೈಲ ತೀರಾ ಕಡಿಮೆ ಬೇಕಾಗುತ್ತದೆ. ಎರಡನೆಯದಾಗಿ, ಆ ಎಥನಾಲಿನ ಶಕ್ತಿಯಲ್ಲಿ ಶೇ. 5ರಿಂದ 26ರಷ್ಟು ಮಾತ್ರ ನಿಜವಾಗಿ ನವೀಕರಿಸಬಹುದಾದದ್ದು. ಉಳಿದುದು ಮುಖ್ಯವಾಗಿ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲು. ಧಾನ್ಯದ ಎಥನಾಲ್ ಒಂದರ್ಥದಲ್ಲಿ ಕಲ್ಲಿದ್ದಲು ಮತ್ತು ಅನಿಲವನ್ನು ವಾಹನದಲ್ಲಿ ಉರಿಯುವ ದ್ರವವಾಗಿ ಮಾರ್ಪಡಿಸುವ ಸಾಧನ. ತೈಲ ಕೊರತೆಯಿರುವ ದೇಶಕ್ಕೆ ಇದೂ ಒಂದು ಪ್ರಯೋಜನವೇ. ಆದರೆ ಅದನ್ನು ಪೂರ್ಣವಾಗಿ ಹೊಲದಲ್ಲಿ ಬೆಳೆದ ಇಂಧನವೆಂದು ಭಾವಿಸುವುದು ಸರಿಯಾಗದು.

ನಾಲ್ಕು ಲೀಟರಿನ ಲೆಕ್ಕ

ಅನುಪಾತವೆಂಬುದು ಒಣ ಸಂಖ್ಯೆಯಾಗಿ ಕಾಣಬಹುದು. ಅದನ್ನು ಲೀಟರಿಗೆ ಇಳಿಸಿದರೆ ಅರ್ಥ ಸ್ಪಷ್ಟವಾಗುತ್ತದೆ. ಅನುಪಾತ 1.34 ಆಗಿದ್ದಾಗ ನಾಲ್ಕು ಲೀಟರ್ ಎಥನಾಲ್ ತಯಾರಿಸಿದರೆ, ಮೂರು ಲೀಟರಿನಷ್ಟು ಶಕ್ತಿ ಹಿಂದಿನ ಸಾಲ ತೀರಿಸಲು ಹೋಗುತ್ತದೆ. ಉಳಿಯುವುದು ಒಂದು ಲೀಟರ್. ಅನುಪಾತ ಎರಡಾದರೆ ನಾಲ್ಕರಲ್ಲಿ ಎರಡು ಲೀಟರ್ ಉಳಿಯುತ್ತದೆ. ಎಂಟಾದರೆ ನಾಲ್ಕರಲ್ಲಿ ಮೂರೂವರೆ ಲೀಟರ್ ಉಳಿಯುತ್ತದೆ. ಕಡಿಮೆ ಅನುಪಾತದ ಕಾರ್ಖಾನೆಯಲ್ಲಿ ಮಾಡುವ ಚಿಕ್ಕ ಸುಧಾರಣೆಯೂ ಉಳಿತಾಯವನ್ನು ಇಮ್ಮಡಿಗೊಳಿಸಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ಒಂದು ಟನ್ ಮೆಕ್ಕೆಜೋಳವನ್ನೇ ತೆಗೆದುಕೊಳ್ಳಬಹುದು. ಅದರಿಂದ ಬರುವ 380 ಲೀಟರ್ ಎಥನಾಲಿನಲ್ಲಿರುವ ಶಕ್ತಿ, ಲೀಟರಿಗೆ 21 ಮೆಗಾಜೂಲಿನಂತೆ, ಸುಮಾರು 8,000 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೂಲ್ ಇರುವುದರಿಂದ ಇದು 250 ಲೀಟರ್ ಪೆಟ್ರೋಲಿಗೆ ಸಮ. ಇದು ರಾಶಿಯ ಲೆಕ್ಕ. ಅನುಪಾತ 1.34 ಆದರೆ ಇದರಲ್ಲಿ ನಿವ್ವಳವಾಗಿ ಉಳಿಯುವುದು ಸುಮಾರು 60 ಲೀಟರ್ ಪೆಟ್ರೋಲಿನಷ್ಟು ಶಕ್ತಿ ಮಾತ್ರ. ಎರಡಾದರೆ 125 ಲೀಟರಿನಷ್ಟು. ಹತ್ತು ಕ್ವಿಂಟಲ್ ಧಾನ್ಯ ಒಂದೇ. ಆದರೆ ಅದರಿಂದ ದೇಶಕ್ಕೆ ದೊರೆಯುವ ಫಲ ಕಾರ್ಖಾನೆಯ ಕುಲುಮೆಯನ್ನು ಅನುಸರಿಸಿ ಎರಡರಷ್ಟು ವ್ಯತ್ಯಾಸವಾಗುತ್ತದೆ.

ಕಬ್ಬಿನ ಪಾಠ

ಬ್ರೆಜಿಲ್ ದೇಶ 1975ರಿಂದ ಕಬ್ಬಿನ ಎಥನಾಲನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ನಡೆಸಿಕೊಂಡು ಬಂದಿದೆ. ಅಲ್ಲಿನ ಕಬ್ಬಿನ ಎಥನಾಲಿನ ಶಕ್ತಿ ಅನುಪಾತ ಎಂಟರ ಆಸುಪಾಸು ಇರುವುದನ್ನು ಅಧ್ಯಯನಗಳು ತೋರಿಸಿವೆ. ಎಥನಾಲ್ ಎರಡೂ ಕಡೆ ಒಂದೇ, ಯೀಸ್ಟೂ ಒಂದೇ. ಆದರೂ ಇಷ್ಟು ಅಂತರವೇಕೆ? ಉತ್ತರ ಕಬ್ಬಿನ ಸಿಪ್ಪೆಯಲ್ಲಿದೆ. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಕಾರ್ಖಾನೆಯ ಬಾಗಿಲಲ್ಲೇ ರಾಶಿ ಬೀಳುತ್ತದೆ. ಅದನ್ನು ಉರಿಸಿ ಹಬೆ ಪಡೆದರೆ ಹೊರಗಿನಿಂದ ಕಲ್ಲಿದ್ದಲು ತರಬೇಕಾಗಿಲ್ಲ. ಮಿಕ್ಕ ಹಬೆಯಿಂದ ವಿದ್ಯುತ್ತನ್ನೂ ತಯಾರಿಸಿ ಮಾರಬಹುದು. ಬೆಳಗಾವಿ, ಬಾಗಲಕೋಟೆ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಸಹವಿದ್ಯುತ್ ಉತ್ಪಾದನೆ ಚಿರಪರಿಚಿತ.

ಧಾನ್ಯಕ್ಕೆ ಈ ಅನುಕೂಲವಿಲ್ಲ. ಕಾರ್ಖಾನೆಗೆ ಬರುವುದು ಕಾಳು ಮಾತ್ರ. ದಂಟು, ರವದಿ, ತೆನೆಯ ಬೆಂಡು ಹೊಲದಲ್ಲೇ ಉಳಿಯುತ್ತವೆ. ಆದರೆ ಕಬ್ಬಿಗೂ ಒಂದು ಕೊರತೆಯಿದೆ. ಅದು ಹೆಚ್ಚು ನೀರು ಬೇಡುವ ಬೆಳೆ. ವರ್ಷವಿಡೀ ನೆಲವನ್ನು ಹಿಡಿದಿರುತ್ತದೆ. ಶಕ್ತಿಯಲ್ಲಿ ಗೆದ್ದ ಬೆಳೆ ನೀರಿನಲ್ಲಿ ಸೋಲುತ್ತದೆ. ಆದ್ದರಿಂದ ಧಾನ್ಯವನ್ನು ತಳ್ಳಿಹಾಕುವುದಕ್ಕಿಂತ, ಕಬ್ಬಿನ ಕಾರ್ಖಾನೆ ಕಲಿಸಿದ ಪಾಠವನ್ನು ಧಾನ್ಯದ ಕಾರ್ಖಾನೆಗೆ ಅನ್ವಯಿಸುವುದು ವಿವೇಕ.

ವಾಹನದ ತೊಟ್ಟಿಯಲ್ಲಿ

ಎಥನಾಲಿನ ಪ್ರತಿ ಲೀಟರಿನಲ್ಲಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿಯಿದೆ. ಶೇ. 20ರ ಬೆರಕೆಯಲ್ಲಿ ಲೀಟರಿನ ಶಕ್ತಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ. 7ರಷ್ಟು ಕಡಿಮೆಯಾಗುತ್ತದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ, ಮೂಲತಃ ಶುದ್ಧ ಪೆಟ್ರೋಲಿಗಾಗಿ ವಿನ್ಯಾಸಗೊಂಡು ಶೇ. 10ರ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ಇಂಧನ ದಕ್ಷತೆ ಶೇ. 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4 ಕುಸಿಯಬಹುದೆಂದು ಅಂದಾಜಿಸಿತ್ತು. ಶೇ. 10ಕ್ಕಾಗಿ ವಿನ್ಯಾಸಗೊಂಡು ಶೇ. 20ಕ್ಕೆ ಹೊಂದಿಸಿದ ಕಾರುಗಳಲ್ಲಿ ಈ ಕುಸಿತ ಶೇ. 1ರಿಂದ 2 ಮಾತ್ರ. ಎಥನಾಲಿಗೆ ಆಕ್ಟೇನ್ ಪ್ರಮಾಣ ಹೆಚ್ಚಿರುವುದರಿಂದ, ಅದಕ್ಕೆಂದೇ ಹೆಚ್ಚಿನ ಸಂಪೀಡನದ ಎಂಜಿನುಗಳನ್ನು ರೂಪಿಸಿದರೆ ನಷ್ಟದ ಒಂದು ಭಾಗವನ್ನು ಮರಳಿ ಪಡೆಯಬಹುದು. ಹಳೆಯ ವಾಹನದ ಮಾಲೀಕನಿಗೆ ಮೈಲೇಜು ಇಳಿದಂತೆ ತೋರಿದರೆ ಅದು ಬರಿಯ ಭ್ರಮೆಯಲ್ಲ. ಅದರ ಕಾರಣ ಇಂಧನದ ಗುಣಧರ್ಮದಲ್ಲಿಯೇ ಇದೆ.

ನೆಲ, ನೀರು ಮತ್ತು ಅನ್ನ

ಭಾರತದಲ್ಲಿ ಮೆಕ್ಕೆಜೋಳದ ಸರಾಸರಿ ಇಳುವರಿ ಹೆಕ್ಟೇರಿಗೆ ಮೂರೂವರೆ ಟನ್ ಆಸುಪಾಸು. ಅಂದರೆ ಒಂದು ಹೆಕ್ಟೇರಿನಿಂದ ಸುಮಾರು 1,330 ಲೀಟರ್ ಎಥನಾಲ್. ಬೆಳೆ ನಿಂತ ನೂರಹತ್ತು ದಿನಗಳಲ್ಲಿ ಆ ನೆಲದ ಮೇಲೆ ಬಿದ್ದ ಬಿಸಿಲಿನ ಶಕ್ತಿಯೊಂದಿಗೆ ಹೋಲಿಸಿದರೆ ಎಥನಾಲಿನ ಶಕ್ತಿ ಸಾವಿರದಲ್ಲಿ ಎರಡು ಪಾಲನ್ನೂ ಮುಟ್ಟುವುದಿಲ್ಲ. ಸಸ್ಯಗಳು ಸೂರ್ಯನ ಶಕ್ತಿಯನ್ನು ಅತ್ಯಲ್ಪವಾಗಿ ಮಾತ್ರ ಹಿಡಿದಿಡಬಲ್ಲವು. ಆದ್ದರಿಂದಲೇ ಬೆಳೆಯಿಂದ ಇಂಧನ ಪಡೆಯಲು ವಿಶಾಲವಾದ ನೆಲ ಬೇಕಾಗುತ್ತದೆ. 100 ಕೋಟಿ ಲೀಟರ್ ಎಥನಾಲಿಗೆ ಸುಮಾರು 26 ಲಕ್ಷ ಟನ್ ಮೆಕ್ಕೆಜೋಳ ಬೇಕು. ಈಗಿನ ಇಳುವರಿಯಲ್ಲಿ ಅದು ಏಳೂವರೆ ಲಕ್ಷ ಹೆಕ್ಟೇರಿನ ಫಸಲು.

ಇನ್ನೊಂದು ಹೋಲಿಕೆ. ಕಾರಿನ 40 ಲೀಟರ್ ತೊಟ್ಟಿಯನ್ನು ಶೇ. 20ರ ಬೆರಕೆಯಿಂದ ತುಂಬಿಸಿದರೆ ಅದರಲ್ಲಿ 8 ಲೀಟರ್ ಎಥನಾಲ್ ಇರುತ್ತದೆ. ಅದೆಲ್ಲವೂ ಅಕ್ಕಿಯಿಂದ ಬಂದುದಾದರೆ ಸುಮಾರು 18 ಕಿಲೋ ಅಕ್ಕಿ ಬೇಕಾಗುತ್ತದೆ. 2013ರ ಆಹಾರ ಭದ್ರತಾ ಅಧಿನಿಯಮದಂತೆ ಆದ್ಯತಾ ಕುಟುಂಬದ ಒಬ್ಬ ವ್ಯಕ್ತಿಗೆ ತಿಂಗಳಿಗೆ ದೊರೆಯುವ ಧಾನ್ಯ 5 ಕಿಲೋ. ಗೋದಾಮಿನಲ್ಲಿ ಕೊಳೆಯುವ ಅಥವಾ ಹೆಚ್ಚಾಗಿ ಉಳಿದ ಧಾನ್ಯವನ್ನು ಸದುಪಯೋಗಪಡಿಸುವುದು ಒಂದು ಮಾತು; ಇಂಧನಕ್ಕೆಂದೇ ಧಾನ್ಯ ಬೆಳೆಯುವುದು ಇನ್ನೊಂದು. ಸಂಗ್ರಹದ ಸ್ಥಿತಿ ಅರಿತು 2023ರ ಜುಲೈನಲ್ಲಿ ಎಥನಾಲಿಗೆ ಆಹಾರ ನಿಗಮದ ಅಕ್ಕಿ ನೀಡುವುದನ್ನು ನಿಲ್ಲಿಸಿ, ದಾಸ್ತಾನು ಹೆಚ್ಚಿದ ಮೇಲೆ ಮತ್ತೆ ಆರಂಭಿಸಿದ್ದು ಈ ಎಚ್ಚರದ ಫಲ. ಮೆಕ್ಕೆಜೋಳದ ವಿಷಯದಲ್ಲೂ ಇಂತಹ ಒತ್ತಡ ಕಂಡುಬಂದಿದೆ. ಅದನ್ನು ರಫ್ತು ಮಾಡುತ್ತಿದ್ದ ಭಾರತ 2024ರಲ್ಲಿ ಆಮದು ಮಾಡಿಕೊಳ್ಳಬೇಕಾಯಿತು. ಕೋಳಿ ಸಾಕಣೆದಾರರಿಗೆ ಮೇವಿನ ಬೆಲೆಯ ಚಿಂತೆಯಾದರೆ, ಬೆಳೆಗಾರನಿಗೆ ಹೊಸ ಗಿರಾಕಿ ಸಿಕ್ಕಿದ ಸಮಾಧಾನ. ಇವೆರಡೂ ಸತ್ಯವೇ.

ನೀರಿನ ಪ್ರಶ್ನೆ ಶಕ್ತಿಯ ಪ್ರಶ್ನೆಯೂ ಹೌದು. ಒಂದು ಕಿಲೋ ಅಕ್ಕಿ ಬೆಳೆಯಲು ಸಾಮಾನ್ಯವಾಗಿ 3,000 ಲೀಟರಿಗೂ ಹೆಚ್ಚು ನೀರು ಬೇಕೆಂಬ ಅಂದಾಜಿದೆ. ಪಂಜಾಬ್, ಹರಿಯಾಣಗಳಲ್ಲಿ ಈ ನೀರು ಆಳವಾದ ಕೊಳವೆ ಬಾವಿಗಳಿಂದ ವಿದ್ಯುತ್ ಪಂಪುಗಳ ಮೂಲಕ ಮೇಲೆ ಬರುತ್ತದೆ. ಇದಕ್ಕೆ ಪ್ರತಿಯಾಗಿ ಕರ್ನಾಟಕದ ದಾವಣಗೆರೆ, ಹಾವೇರಿ ಜಿಲ್ಲೆಗಳ ಮುಂಗಾರು ಮೆಕ್ಕೆಜೋಳ ಬಹುಮಟ್ಟಿಗೆ ಮಳೆಯಾಶ್ರಿತ. ಮುಗಿಲಿನ ನೀರಿಗೆ ವಿದ್ಯುತ್ ಬಿಲ್ಲಿಲ್ಲ. ಹೀಗೆ ಯಾವ ಧಾನ್ಯ, ಯಾವ ಊರಿನದು, ಯಾವ ನೀರಿನದು ಎಂಬುದು ಎಥನಾಲಿನ ಶಕ್ತಿಲೆಕ್ಕವನ್ನು ಬದಲಿಸುತ್ತದೆ.

ದಕ್ಷತೆಯನ್ನು ಹೆಚ್ಚಿಸುವ ಮಾರ್ಗಗಳು

ಮೊದಲನೆಯ ಮಾರ್ಗ ಹೊಲದಲ್ಲಿದೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ, ಬೆಳೆ ಬೇಡುವ ಹೊತ್ತಿಗೆ, ಕಂತುಗಳಲ್ಲಿ ಸಾರಜನಕ ನೀಡಿದರೆ ಗೊಬ್ಬರ ವ್ಯರ್ಥವಾಗುವುದು ತಪ್ಪುತ್ತದೆ. 2015ರಿಂದ ದೇಶೀಯ ಯೂರಿಯಾಕ್ಕೆ ಬೇವಿನ ಲೇಪನ ಕಡ್ಡಾಯವಾಗಿರುವುದು ಈ ದಿಕ್ಕಿನ ಹೆಜ್ಜೆ. ಮೆಕ್ಕೆಜೋಳದೊಂದಿಗೆ ತೊಗರಿ, ಅಲಸಂದೆಗಳಂತಹ ದ್ವಿದಳ ಬೆಳೆಗಳನ್ನು ಮಿಶ್ರವಾಗಿ ಅಥವಾ ಸರದಿಯಲ್ಲಿ ಬೆಳೆಯುವ ಹಳೆಯ ಪದ್ಧತಿಗೆ ಇಲ್ಲಿ ಹೊಸ ಬೆಲೆ ಬರುತ್ತದೆ. ಅವುಗಳ ಬೇರುಗಳು ಸಾರಜನಕವನ್ನು ಅನಿಲದ ಖರ್ಚಿಲ್ಲದೆ ಒದಗಿಸುತ್ತವೆ.

ಎರಡನೆಯದು ಬಟ್ಟಿಯ ಮನೆ. ಒಂದು ಗೋಪುರದಿಂದ ಹೊರಬರುವ ಬಿಸಿ ಆವಿಯನ್ನು ಬೇರೆ ಒತ್ತಡದಲ್ಲಿ ನಡೆಯುವ ಇನ್ನೊಂದು ಗೋಪುರವನ್ನು ಕಾಯಿಸಲು ಬಳಸುವ ಬಹು ಒತ್ತಡದ ವಿಧಾನದಿಂದ ಹಬೆಯ ಬಳಕೆ ಗಣನೀಯವಾಗಿ ತಗ್ಗುತ್ತದೆ. ಪಿಷ್ಟವನ್ನು ಬೇಯಿಸದೆಯೇ ಒಡೆಯುವ ಕಿಣ್ವಗಳೂ ಬಳಕೆಗೆ ಬಂದಿವೆ. ಕಾರ್ಖಾನೆಯ ಸುತ್ತ ಹೈನುಗಾರಿಕೆ ಇರುವ ಕಡೆ ಹಿಂಡಿಯನ್ನು ಒಣಗಿಸದೆ ಹಸಿಯಾಗಿಯೇ ಮಾರಿದರೆ ಒಣಗಿಸುವ ಶಕ್ತಿ ಪೂರ್ಣವಾಗಿ ಉಳಿಯುತ್ತದೆ. ಆದರೆ ಹಸಿ ಹಿಂಡಿ ಬೇಗ ಕೆಡುವುದರಿಂದ ಹಳ್ಳಿಗಳು ಸಮೀಪದಲ್ಲಿರಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕುಲುಮೆಯ ಇಂಧನ. ಕಲ್ಲಿದ್ದಲಿನ ಬದಲು ಭತ್ತದ ಹೊಟ್ಟು, ಮೆಕ್ಕೆಜೋಳದ ಬೆಂಡು ಮೊದಲಾದ ಕೃಷಿ ಉಳಿಕೆಗಳನ್ನು ಉರಿಸಿದರೆ, ವೆಚ್ಚದ ಮೂರನೇ ಎರಡು ಭಾಗವಾದ ಕಾರ್ಖಾನೆಯ ಪಾಲಿನಲ್ಲಿ ಬಹುಭಾಗ ಪಳೆಯುಳಿಕೆ ಇಂಧನದ ಲೆಕ್ಕದಿಂದ ಹೊರಬರುತ್ತದೆ. ಇಲ್ಲಿಯೂ ಒಂದು ಎಚ್ಚರ ಅಗತ್ಯ. ಹೊಲದ ದಂಟನ್ನೆಲ್ಲ ಕುಲುಮೆಗೆ ಒಯ್ದರೆ ದನಗಳಿಗೆ ಮೇವಿಲ್ಲ, ಮಣ್ಣಿಗೆ ಸಾವಯವ ಅಂಶವಿಲ್ಲ.

ನಾಲ್ಕನೆಯದು ಎರಡನೆಯ ತಲೆಮಾರಿನ ಎಥನಾಲ್. ಕಾಳಿನ ಬದಲು ಹುಲ್ಲಿನಿಂದಲೇ ಇಂಧನ ಪಡೆಯುವ ವಿಧಾನ. 2022ರ ಆಗಸ್ಟ್ 10ರಂದು ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಇಂತಹ ಕಾರ್ಖಾನೆ ರಾಷ್ಟ್ರಕ್ಕೆ ಸಮರ್ಪಿತವಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತಯಾರಿಸುವುದು ಅದರ ಉದ್ದೇಶ. ಹೊಲದಲ್ಲೇ ಸುಟ್ಟು ಹೊಗೆಯಾಗುತ್ತಿದ್ದ ಹುಲ್ಲಿಗೆ ಹೊಸದಾಗಿ ನೆಲ, ನೀರು, ಗೊಬ್ಬರ ಬೇಕಿಲ್ಲ. ಆದರೆ ಗಟ್ಟಿಯಾದ ಹುಲ್ಲನ್ನು ಸಕ್ಕರೆಯಾಗಿ ಒಡೆಯುವುದು ಪಿಷ್ಟವನ್ನು ಒಡೆದಷ್ಟು ಸುಲಭವಲ್ಲ. ಈ ತಂತ್ರಜ್ಞಾನ ಇನ್ನೂ ದುಬಾರಿ.

ಉಪಸಂಹಾರ

ಈ ವಿವೇಚನೆಯಿಂದ ತಿಳಿದುಬರುವ ಸಂಗತಿ ಇಷ್ಟು. ಧಾನ್ಯದ ಎಥನಾಲ್ ಶಕ್ತಿಯ ನಷ್ಟವೆಂಬ ಮಾತು ಇಂದಿನ ಉತ್ತಮ ಕಾರ್ಖಾನೆಗಳ ಮಟ್ಟಿಗೆ ನಿಲ್ಲುವುದಿಲ್ಲ. ಅದು ಬತ್ತದ ಊಟೆಯೆಂಬ ಮಾತೂ ನಿಲ್ಲುವುದಿಲ್ಲ. ಲಾಭವಿದೆ, ಆದರೆ ಅದು ತೆಳುವಾದ ಲಾಭ. ಯೂರಿಯಾದ ಒಂದು ಅತಿ ಚೀಲ, ಕೊಳವೆ ಬಾವಿಯ ಒಂದು ಅತಿ ಆಳ, ಕುಲುಮೆಗೆ ಬಿದ್ದ ಕಲ್ಲಿದ್ದಲು, ಇವು ಆ ಲಾಭವನ್ನು ಸುಲಭವಾಗಿ ಅಳಿಸಿಬಿಡಬಲ್ಲವು. ಹೊಟ್ಟಿನ ಬೆಂಕಿ, ಮಳೆಯ ನೀರು, ಹಿಂಡಿಯ ಸದ್ವಿನಿಯೋಗ ಅದನ್ನು ಹಿಗ್ಗಿಸಬಲ್ಲವು.

ಬೆರಕೆಯ ಶೇಕಡಾ ಪ್ರಮಾಣವನ್ನು ತಲುಪಿದ್ದು ಒಂದು ಸಾಧನೆಯೇ ಸರಿ. ಇನ್ನು ಮುಂದೆ ಪ್ರತಿ ಲೀಟರಿನ ಹಿಂದೆ ಎಷ್ಟು ಶಕ್ತಿ, ಎಷ್ಟು ನೀರು, ಎಷ್ಟು ಅನ್ನ ವ್ಯಯವಾಯಿತು ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲಿ ಬರೆದಿಡುವುದು ಅವಶ್ಯಕ. ಕಣದಲ್ಲಿ ರಾಶಿ ಅಳೆದ ಮೇಲೆ ರೈತ ಕಣಜವನ್ನೂ ಒಮ್ಮೆ ಇಣುಕಿ ನೋಡುತ್ತಾನೆ. ಇಂಧನದ ವಿಷಯದಲ್ಲಿ ದೇಶವೂ ಹಾಗೆಯೇ ನೋಡಿಕೊಂಡರೆ, ಹೊಲದಲ್ಲಿ ದುಡಿದವನ ಶ್ರಮಕ್ಕೂ ಬಂಕಿನಲ್ಲಿ ಹಣ ತೆತ್ತವನ ವಿಶ್ವಾಸಕ್ಕೂ ನ್ಯಾಯ ದೊರೆಯುತ್ತದೆ.